ನಂದೂ ಅದೇ ಅಭಿಪ್ರಾಯ

ಚಿತ್ತಾಪುರದ ಅಂಬರಾಯ ವಿಶ್ವವಿದ್ಯಾಲಯ ಸೇರಿದ್ದು ಜ್ಞಾನದ ಹಸಿವಿನಿಂದಲ್ಲ, ಒಂದು ಪ್ಲಾಸ್ಟಿಕ್ ಕುರ್ಚಿಯ ಕಾಲು ಸೀಳಿದ್ದರಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಅವನು ಬೀಗರೆದುರು ಎದೆ ಸೆಟೆಸಿ ಆಡಿದ ಮಾತು ಕೇಳಿ, ಈ ಮಹಾನುಭಾವ ಹುಟ್ಟುವಾಗಲೇ ಪಾಟಿ ಬಳಪ ಹಿಡಿದು ಬಂದಿರಬೇಕೆಂದು ನೀವು ತಿಳಿದೀರಿ. ಅಂಥದ್ದೇನಿಲ್ಲ. ಮೆಟ್ರಿಕ್ ನಪಾಸಾದ ದಿನ ಗೆಳೆಯರಿಗೆಲ್ಲ ಪೇಢೆ ಹಂಚಿ, "ಇನ್ ಮ್ಯಾಲ ನನಗ ಯಾರೂ ಪ್ರಶ್ನೆ ಕೇಳಂಗಿಲ್ಲ" ಎಂದು ಕುಣಿದಾಡಿದ ಆಸಾಮಿ ಅವನು.

ಖರೇನೂ ಹಾಗೇ ಆಯಿತು. ಆಮೇಲೆ ಅವನನ್ನು ಯಾರೂ ಏನೂ ಕೇಳಲಿಲ್ಲ. ಬಸ್ ನಿಲ್ದಾಣದ ಹಿಂದೆ ಶಾಮಿಯಾನ, ಕುರ್ಚಿ, ಜಮಖಾನೆ ಬಾಡಿಗೆಗೆ ಕೊಡುವ ಅಂಗಡಿ ಹಾಕಿದ. ವಾಡಿಯಲ್ಲಿ ಲಗ್ನವಾಗಲಿ, ಶಹಾಬಾದದಲ್ಲಿ ಸನ್ಮಾನವಾಗಲಿ, ಸೇಡಂನಲ್ಲಿ ಪುಣ್ಯತಿಥಿಯಾಗಲಿ, ಅಂಬರಾಯನ ಕುರ್ಚಿ ಇಲ್ಲದೆ ಜನ ಕೂರುತ್ತಿರಲಿಲ್ಲ. ಜನ ಕೂತ ಮೇಲೆ ಅವನು ಹಿಂದೆ ಹೋಗಿ ಜನರೇಟರ್ ಪಕ್ಕ ನಿಲ್ಲುತ್ತಿದ್ದ. ಹೀಗೆ ನಿಂತೇ ಅರ್ಧ ಆಯುಷ್ಯ ಕಳೆದಿತ್ತು, ಸಾವಿರಾರು ಭಾಷಣ ಕಿವಿಯ ಮೇಲೆ ಬಿದ್ದು ಹೋಗಿದ್ದವು. ಅಷ್ಟು ಜನರಲ್ಲಿ ಒಬ್ಬ ಪುಣ್ಯಾತ್ಮನೂ ಅವನಿಗೆ "ನೀನೂ ಕೂಡಪ್ಪಾ" ಎಂದಿರಲಿಲ್ಲ.

ಈಗ ವಿಶ್ವವಿದ್ಯಾಲಯದ ವಿಷಯ. ವಾಡಿ ರಸ್ತೆಯಲ್ಲಿ ಮುಚ್ಚಿಹೋಗಿದ್ದ ಕಲ್ಲು ಪಾಲಿಶ್ ಕಾರ್ಖಾನೆಯೊಂದನ್ನು ಯಾರೋ ದೊಡ್ಡ ಮನಸ್ಸಿನವರು ಕೊಂಡು, ಸುಣ್ಣ ಬಳಿದು, 'ಕಾಗಿಣಾ ವಿಶ್ವವಿದ್ಯಾಲಯ' ಎಂದು ಬೋರ್ಡು ಹಾಕಿದ್ದರು. ಅಲ್ಲಿ ಇಂಜಿನಿಯರಿಂಗ್ ಇಲ್ಲ, ಡಾಕ್ಟರಿ ಇಲ್ಲ, ಬಿ.ಎಡ್. ಕೂಡ ಇಲ್ಲ. ಹಾಗಾದರೆ ಇರುವುದೇನು? ಭೌತಶಾಸ್ತ್ರ ಓದುವವ ನಾಟಕವನ್ನೂ ಓದಬೇಕು, ಲೆಕ್ಕ ಕಲಿಯುವವಳು ಕುಂಬಾರಿಕೆಯನ್ನೂ ಕಲಿಯಬೇಕು, ಎಲ್ಲರೂ ಸೇರಿ ತತ್ವಶಾಸ್ತ್ರ ಮಾಡಬೇಕು. ಇದೆಂಥ ಓದು ಎಂದು ಸುತ್ತಲಿನ ಊರುಗಳಿಗೆ ತಿಳಿಯಲಿಲ್ಲ. ಅಂಬರಾಯನ ಪಕ್ಕದಂಗಡಿಯ ಮೈಕ್‌ಸೆಟ್ ಅಬ್ದುಲ್ ಮಜೀದನ ಮಗಳು ಸಮ್ರೀನ್ ಅಲ್ಲಿ ಭೂವಿಜ್ಞಾನವನ್ನೂ ಸಂಗೀತವನ್ನೂ ಒಟ್ಟಿಗೆ ಓದುತ್ತಿದ್ದಳು. ಯಾರಾದರೂ ಕೇಳಿದರೆ ಮಜೀದ, "ನನಗೇನ್ ಮಾಲೂಮ್ ಭಾಯ್, ಕಲ್ಲಿಗಿ ಹಾಡು ಕಲಿಸ್ತಾಳೇನೋ" ಎಂದು ಮೈಕಿನ ವೈರು ಸುತ್ತುತ್ತಿದ್ದ.

ವಿಶ್ವವಿದ್ಯಾಲಯಕ್ಕೆ ಆರ್ಡರು ಮಾಡಿದ ಕುರ್ಚಿಗಳು ಸಮಯಕ್ಕೆ ಬರಲಿಲ್ಲ. ಕುಲಸಚಿವ ಗುಲಾಮ್ ರಸೂಲ್ ಸಾಹೇಬರು ಸಮ್ರೀನಳ ಮೂಲಕ ಅಂಬರಾಯನನ್ನು ಹಿಡಿದರು. ಬೇರೆ ಕುರ್ಚಿ ಬರುವ ತನಕ ಅವನ ಕುರ್ಚಿ ಬಾಡಿಗೆಗೆ. ಆಗ ಲಗ್ನಸರಾಯಿ, ಮದುವೆಗಳ ಕಾಲ, ಗೋದಾಮು ಖಾಲಿ. ಇದ್ದಬದ್ದದ್ದನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಹೋದ. ಅವುಗಳ ನಡುವೆ, ಹಿಂದಿನ ಕಾಲು ಸೀಳಿದ ಒಂದು ಕೆಂಪು ಕುರ್ಚಿಯೂ ಹೋಯಿತು. ಬಿಸಿ ಕಬ್ಬಿಣ ಹಚ್ಚಿ ಅಂಟಿಸಿ, ಮೇಲೆ ತಂತಿ ಸುತ್ತಿದ್ದ ಕುರ್ಚಿ. ಎಡಕ್ಕೆ ವಾಲಿ ಕೂತರೆ ತಡೆಯುತ್ತಿತ್ತು. ನೆಟ್ಟಗೆ ಕೂತರೆ ದೇವರೇ ಗತಿ.

ಅಂಬರಾಯ ರೂಢಿಯಂತೆ ಕುರ್ಚಿಗಳನ್ನು ಸಾಲಾಗಿ ಹಾಕಿ ಬೆವರೊರೆಸಿಕೊಳ್ಳುವಷ್ಟರಲ್ಲಿ ಹುಡುಗರು ಬಂದು ಎಲ್ಲವನ್ನೂ ಎಳೆದಾಡಿ ದುಂಡಗೆ ಇಟ್ಟರು.

"ಏ ಏ, ಸಾಲ್ ಕೆಡಿಸಬ್ಯಾಡ್ರಿ! ಸ್ಟೇಜ್ ಯಾವ ಕಡಿ ಅದ?" ಎಂದು ಅಂಬರಾಯ ಚೀರಿದ.

"ಸ್ಟೇಜ್ ಇಲ್ಲ ಕಾಕಾ. ಇಲ್ಲಿ ಎಲ್ಲಾರೂ ಸುತ್ತ ಕುಂದುರ್ತೀವಿ," ಎಂದಳು ಸಮ್ರೀನ್.

ಸ್ಟೇಜಿಲ್ಲದ ಸಭೆಯನ್ನು ಅಂಬರಾಯ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆದರೆ ಆ ಗಾಬರಿಯಲ್ಲಿ ಅದಕ್ಕಿಂತ ದೊಡ್ಡ ಗಾಬರಿ ಎದ್ದಿತು. ಎಳೆದಾಟದಲ್ಲಿ ಸೀಳಿದ ಕುರ್ಚಿ ಎಲ್ಲೋ ಸೇರಿಹೋಗಿತ್ತು. ಹುಡುಕಿದರೆ ಅಗೋ, ಒಬ್ಬ ಧಡೂತಿ ಹುಡುಗ ಅದರ ಮೇಲೆ ಕೂರಲು ಬಗ್ಗುತ್ತಿದ್ದಾನೆ! ಬಿದ್ದರೆ ಅಂಗಡಿಯ ಹೆಸರು ಹೋಯಿತು. ಅಂಬರಾಯ ಓಡಿಹೋಗಿ ಆ ಹುಡುಗನಿಗಿಂತ ಮೊದಲು ತಾನೇ ಅದರಲ್ಲಿ ಕೂತುಬಿಟ್ಟ, ಎಡಕ್ಕೆ ವಾಲಿ. ಆಗಲೇ ಡಾ. ಲುಂಬಿನಿ ಮೇಡಂ ಒಳಗೆ ಬಂದರು, ಪಾಠ ಶುರುವಾಯಿತು. ನಡುವೆ ಎದ್ದು ಹೋಗಲು ದಾರಿಯಿಲ್ಲ. ಎದ್ದರೆ ಆ ಧಡೂತಿ ಕೂರುತ್ತಾನೆ.

ಲುಂಬಿನಿ ಮೇಡಂ ಶಹಾಬಾದದವರು, ತತ್ವಶಾಸ್ತ್ರ ಕಲಿಸುವವರು. ಅವತ್ತಿನ ಪ್ರಶ್ನೆ, ಸುಳ್ಳು ಹೇಳುವುದು ಯಾವಾಗಲಾದರೂ ಸರಿಯೇ? ಒಬ್ಬೊಬ್ಬರೇ ಮಾತಾಡಿದರು. ದುಂಡಗೆ ಕೂತಲ್ಲಿ ಕೊನೆಯ ಬೆಂಚೆಂಬುದು ಇರುವುದಿಲ್ಲ. ಸರದಿ ತಿರುಗಿ ತಿರುಗಿ ಅಂಬರಾಯನ ಹತ್ತಿರ ಬಂತು. ಮೇಡಂ ಅವನ ಕಡೆ ನೋಡಿ, "ನೀವು ಏನಂತೀರಿ?" ಎಂದರು.

ಅಂಬರಾಯ ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ ಮಾತ್ರ ಇತ್ತು.

"ನಾನ್ರೀ?"

"ಹೌದ್ರಿ, ನೀವೇ. ನಿಮ್ಮ ಅಭಿಪ್ರಾಯ ಏನು?"

'ನಾ ಕುರ್ಚಿ ತಂದವ ರೀ' ಎನ್ನಬೇಕಿತ್ತು. ಒಂದು ಉಸಿರಿನ ಮಾತು. ಅಷ್ಟು ಹೇಳಿದ್ದರೆ ಈ ಕಥೆಯೂ ಇಲ್ಲ, ಚಿಂಚೋಳಿಯ ಬೀಗರಿಗೆ ಸೊಂಟನೋವೂ ಇಲ್ಲ. ಆದರೆ ಇಪ್ಪತ್ತು ಜೋಡಿ ಕಣ್ಣು ತನ್ನ ಬಾಯನ್ನೇ ನೋಡುತ್ತಿರುವುದು ಅವನಿಗೆ ಹೊಸದು. ಗಂಟಲು ಸರಿಮಾಡಿಕೊಂಡು, ಹಿಂದಿನವ ಏನು ಹೇಳಿದ್ದನೋ ಅದನ್ನು ಕೇಳಿಸಿಕೊಳ್ಳದಿದ್ದರೂ, ಗಂಭೀರವಾಗಿ ಹೇಳಿದ: "ನಂದೂ ಅದೇ ಅಭಿಪ್ರಾಯ."

ಮೇಡಂ ತಲೆಯಾಡಿಸಿದರು. "ನೋಡ್ರಿ, ಎಷ್ಟು ಆಸಕ್ತಿಯಿಂದ ಬಾಗಿ ಕೇಳ್ತಾರ ಇವರು," ಎಂದು ಉಳಿದವರಿಗೆ ತೋರಿಸಿದರು. ಅಂಬರಾಯ ಬಾಗಿದ್ದು ಕುರ್ಚಿಯ ಕಾಲಿಗಾಗಿ ಎಂದು ಅವರಿಗೇನು ಗೊತ್ತು?

ಮರುದಿನ ಅವನು ಮತ್ತೆ ಹೋದ. ಬದಲಿ ಕುರ್ಚಿ ಇರಲಿಲ್ಲ, ಧಡೂತಿ ಹುಡುಗ ಇದ್ದ. ಅದರ ಮರುದಿನವೂ ಹೋದ. ಬೆಳಗಿನ ಪಾಠ ಮುಗಿಸಿ ಅಂಗಡಿಗೆ ಬರುವುದು ರೂಢಿಯಾಯಿತು. ಮುಂದೆ ಲಗ್ನಸರಾಯಿ ಮುಗಿದು ಗೋದಾಮಿಗೆ ರಾಶಿ ಕುರ್ಚಿ ವಾಪಸ್ ಬಂದರೂ ಸೀಳಿದ ಕುರ್ಚಿಯನ್ನು ಬದಲಾಯಿಸುವುದು ಅವನಿಗೆ ಯಾಕೋ ನೆನಪಾಗಲೇ ಇಲ್ಲ. ಪ್ರತಿದಿನ ಮೇಡಂ ಕೇಳುತ್ತಿದ್ದರು, ಪ್ರತಿದಿನ ಅವನು "ನಂದೂ ಅದೇ ಅಭಿಪ್ರಾಯ" ಎನ್ನುತ್ತಿದ್ದ. ಸ್ವಾತಂತ್ರ್ಯ, ಸಾವು, ಸೌಂದರ್ಯ, ಎಲ್ಲದರ ಬಗ್ಗೆಯೂ ಅವನದು ಅದೇ ಅಭಿಪ್ರಾಯವಾಗಿತ್ತು.

ಹೀಗೇ ಸದ್ದಿಲ್ಲದೆ ನಡೆದಿದ್ದರೆ ನಡೆಯುತ್ತಿತ್ತು. ಆದರೆ ವಿಶ್ವವಿದ್ಯಾಲಯದವರು ಒಂದು ಫೋಟೋ ತೆಗೆದು, 'ಚರ್ಚೆಯಲ್ಲಿ ಮಗ್ನರಾದ ನಮ್ಮ ವಿದ್ಯಾರ್ಥಿಗಳು' ಎಂದು ಬರೆದು ಮೊಬೈಲಿನಲ್ಲಿ ಹರಿಬಿಟ್ಟರು. ಹದಿನೆಂಟರ ಹುಡುಗ ಹುಡುಗಿಯರ ನಡುವೆ ಬಿಳಿ ಮೀಸೆಯ ಅಂಬರಾಯ ಎಡಕ್ಕೆ ವಾಲಿ ಮಗ್ನನಾಗಿದ್ದ.

ಸಂಜೆ ಬಸ್ ನಿಲ್ದಾಣದ ಚಹಾದಂಗಡಿಗೆ ಅವನು ಕಾಲಿಡುತ್ತಲೇ ಗ್ಯಾರೇಜಿನ ರೇವಣಸಿದ್ದಯ್ಯ ಎದ್ದುನಿಂತು ಸಲಾಮು ಹೊಡೆದ. "ಬರ್ರಿ ಬರ್ರಿ, ವಿದ್ಯಾರ್ಥಿಗೋಳು ಬಂದ್ರು! ಏ, ಇವರಿಗಿ ಚಾ ಬ್ಯಾಡ, ಹಾಲು ಕೊಡ್ರೋ, ಬೆಳೆಯೋ ಕೂಸು!"

ಅಂಗಡಿಯೆಲ್ಲ ನಕ್ಕಿತು. ಅಂಬರಾಯನ ಬಾಯಿಗೆ ನಿಜ ಬಂದಿತ್ತು. 'ಕುರ್ಚಿ ಕಾಯ್ಲಿಕ್ಕ ಹೋಗಿದ್ದೆ ಮಾರಾಯ' ಎನ್ನಲು ಬಾಯಿ ತೆರೆದೂ ಇದ್ದ. ಅಷ್ಟರಲ್ಲಿ ರೇವಣಸಿದ್ದಯ್ಯ ಇನ್ನೊಂದು ಮಾತು ಸೇರಿಸಿದ: "ಅಲ್ಲೋ ಅಂಬರಾಯ, ಮೆಟ್ರಿಕ್‌ನಾಗ ಹೋಗಲಾರದ್ದು ಈಗ ನಿನ್ ತಲಿಗಿ ಏನ್ ಹೋಗ್ತದೋ? ನಿನ್ ಅಭಿಪ್ರಾಯ ಕಟ್ಟಿಕೊಂಡು ಅವರಿಗೇನ್ ಆಗಬೇಕಾಗ್ಯದ?"

ತಲೆಯ ಮಾತನ್ನು ಅಂಬರಾಯ ಸಹಿಸಿಕೊಳ್ಳುತ್ತಿದ್ದ. ಅಭಿಪ್ರಾಯದ ಮಾತು ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚಿತು. ಸಿಟ್ಟು ನೆತ್ತಿಗೇರಿತು.

"ಹೌದಲೇ, ಓದ್ಲಿಕತ್ತೀನಿ! ತತ್ವಶಾಸ್ತ್ರ ಓದ್ಲಿಕತ್ತೀನಿ! ದಿನಾ ಕೇಳ್ತಾರ ನನ್ನ ಅಭಿಪ್ರಾಯ. ನಿನಗ ಯಾರರ ಕೇಳ್ಯಾರೇನು, ಪಂಕ್ಚರ್ ಎಷ್ಟಾಯ್ತು ಅನ್ನೋದು ಬಿಟ್ಟು?"

ಅಂಬರಾಯ ಚಹಾ ಕುಡಿಯದೆ ಹೊರಬಂದ. ಪಕ್ಕದಲ್ಲೇ ಇದ್ದ ಮಜೀದ ಹಿಂದೆ ಓಡಿಬಂದು, "ಅರೆ ಭಾಯ್, ಖರೇ ಓದ್ಲಿಕತ್ತಿಯೇನು?" ಎಂದು ಕೇಳಿದ.

"ಈಗ ಓದಲೇಬೇಕಲ್ಲೋ," ಎಂದ ಅಂಬರಾಯ.

ಮನೆಯಲ್ಲಿ ಹೆಂಡತಿ ಉಮಾದೇವಿ ಸುದ್ದಿ ಕೇಳಿ ಬಾಗಿಲಲ್ಲೇ ಕೂತಿದ್ದಳು. "ಏನ್ರಿ ಇದು? ಮಗಳ ಲಗ್ನ ಮುಂದ ಇಟ್ಕೊಂಡು ನೀವು ಕಾಲೇಜಿಗಿ ಹೊಂಟ್ರಿ? ನಾಳಿ ಬೀಗರು ಕೇಳಿದ್ರ ಏನ್ ಹೇಳ್ಬೇಕು? ನಮ್ಮ ಮನಿಯವ್ರು ಪರೀಕ್ಷಾಕ್ಕ ಓದ್ಲಿಕತ್ತಾರ, ಲಗ್ನದ ಅಕ್ಕಿಕಾಳಿಗಿ ಆಮ್ಯಾಲ ಬರ್ತಾರ ಅನ್ಲೇನು?"

ಮಗಳು ಶಿವರಂಜನಿ ಸೇಡಂನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಚಿಂಚೋಳಿಯ ಕಾಶೀನಾಥ ಮಾಸ್ತರರ ಮಗ ಸಂತೋಷಕುಮಾರನಿಗೆ ಅವಳನ್ನು ಕೊಡುವುದೆಂದು ನಿಶ್ಚಯವಾಗಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಇನ್ನು ಪತ್ರಿಕೆ ಅಚ್ಚು ಹಾಕಿಸುವುದೊಂದೇ ಬಾಕಿ. ಅವಳು ಅಪ್ಪನ ಫೋಟೋ ನೋಡಿ ಹೊಟ್ಟೆ ಹಿಡಿದು ನಕ್ಕಳು. "ಯವ್ವಾ, ಲಗ್ನ ನಂದು, ಕಾಲೇಜು ಅಪ್ಪಂದು. ಎರಡೂ ಬ್ಯಾರೆ ಬ್ಯಾರೆ ಅವ, ನೀ ಯಾಕ ಕೂಡಿಸ್ತಿ?"

ಕೂಡಿಸುವ ಕೆಲಸವನ್ನು ಬಸ್ಸು ಮಾಡಿತು. ಚಿತ್ತಾಪುರದಿಂದ ಚಿಂಚೋಳಿಗೆ ಹೋಗುವವರು ಸೇಡಂ ಮೇಲೆ ಹೋಗಬೇಕು. ಸುದ್ದಿಯೂ ಅದೇ ದಾರಿ ಹಿಡಿಯಿತು. ಚಿತ್ತಾಪುರ ಬಿಡುವಾಗ 'ಅಂಬರಾಯ ಕಾಲೇಜು ಸೇರ್ಯಾನ' ಎಂದಷ್ಟೇ ಇತ್ತು. ಮಳಖೇಡ ದಾಟುವಾಗ ಅವನು ಅಂಗಡಿ ಬಿಟ್ಟು ಹಾಸ್ಟೆಲ್ ಸೇರಿದ್ದ. ಸೇಡಂ ಬಸ್ ನಿಲ್ದಾಣದಲ್ಲಿ ಶಾಮಿಯಾನಗಳನ್ನೆಲ್ಲ ಮಾರಿ ಫೀಸು ಕಟ್ಟಿದ. ಚಿಂಚೋಳಿಯಲ್ಲಿ ಸುದ್ದಿ ಇಳಿದಾಗ ಅವನು ಜೀನ್ಸ್ ಪ್ಯಾಂಟು ಹಾಕಿಕೊಂಡು, ಮೀಸೆಗೆ ಬಣ್ಣ ಹಚ್ಚಿ, ಕಾಲೇಜು ಗ್ಯಾದರಿಂಗಿನಲ್ಲಿ ಕುಣಿಯುತ್ತಿದ್ದ.

ಕಾಶೀನಾಥ ಮಾಸ್ತರರು ನಿವೃತ್ತ ಮುಖ್ಯಗುರುಗಳು. ಜೀವನಪೂರ್ತಿ ಮಕ್ಕಳನ್ನು ಎತ್ತರದ ಪ್ರಕಾರ ಸಾಲಲ್ಲಿ ನಿಲ್ಲಿಸಿದವರು. ನಿವೃತ್ತಿಯಾದ ಮೇಲೂ ಮನೆಯ ಚಪ್ಪಲಿಗಳನ್ನು ಅಳತೆಯ ಪ್ರಕಾರ ಜೋಡಿಸಿಡುತ್ತಿದ್ದರು. ಅವರು ಮರುದಿನವೇ ಬಂದಿಳಿದರು. ಮೊದಲು ಅಂಬರಾಯನ ಧೋತರ ನೋಡಿದರು, ಆಮೇಲೆ ಮೀಸೆ. ಎರಡೂ ಹಳೆಯ ಬಣ್ಣದಲ್ಲೇ ಇದ್ದದ್ದು ಕಂಡು ಸ್ವಲ್ಪ ಸಮಾಧಾನವಾಯಿತು.

"ಬೀಗರ, ಸಾಲಿಗಿ ಹೋಗೋ ವಯಸ್ಸಿನಾಗ ಹೋಗಬೇಕ್ರಿ. ಈಗ ಇದು ಏನು ಚಂದ?"

"ಆ ವಯಸ್ಸಿನಾಗ ಹೋಗಿದ್ದೆನ್ರಿ. ಆಗ ಬರೇ ಹೊಡೀತಿದ್ರು, ಕೇಳ್ತಿರ್ಲಿಲ್ಲ," ಎಂದ ಅಂಬರಾಯ.

ಆ ಮಾತು ತಮಗೇ ತಗುಲಿದಂತಾಗಿ ಮಾಸ್ತರರು ಕೆಮ್ಮಿದರು. "ನೋಡ್ರಿ, ನಮ್ಮ ಕಡಿ ಪತ್ರಿಕಿನಾಗ ಹೆಸರಿನ ಕೆಳಗ ಎಲ್ಲಾರದ್ದು ಡಿಗ್ರಿ, ಹುದ್ದೆ ಹಾಕಸ್ತೀವಿ. ಹುಡುಗಿ ತಂದಿ ಹೆಸರಿನ ಕೆಳಗ ಏನ್ ಹಾಕಸ್ಲಿ? ಮೊದಲನೇ ವರ್ಷದ ವಿದ್ಯಾರ್ಥಿ ಅಂತನೇನು? ನಾ ಹೆಡ್‌ಮಾಸ್ತರ್ ಇದ್ದವ. ನನ್ನ ಇಜ್ಜತ್ ಏನು? ಖಡಕ್ ಹೇಳ್ತೀನಿ ಕೇಳ್ರಿ. ನೀವು ಕಾಲೇಜು ಬಿಟ್ರ ಪತ್ರಿಕಿ ಅಚ್ಚಾಗ್ತದ. ಇಲ್ಲಂದ್ರ ಆಗಂಗಿಲ್ಲ."

ಇಷ್ಟು ಹೇಳಿ, ಉಮಾದೇವಿ ಮಾಡಿದ ಚುರುಮುರಿ ಸುಸಲಾ ಅರ್ಧಕ್ಕೇ ಬಿಟ್ಟು ಎದ್ದುಬಿಟ್ಟರು. ಬೀಗರು ತಾಟಿನಲ್ಲಿ ಬಿಟ್ಟು ಹೋದ ಸುಸಲಾ ನೋಡಿ ಉಮಾದೇವಿ ಅತ್ತಳು. ಅಂಬರಾಯ ತಾಟನ್ನು ಎತ್ತಿಟ್ಟ. ಮಗಳ ಬಾಳಿನ ಪ್ರಶ್ನೆ. ತನ್ನ ಒಣ ಜಂಭಕ್ಕೆ ಅವಳ ಲಗ್ನ ನಿಂತರೆ?

"ಬಿಡ್ತೀನವ್ವಾ, ನಾಳಿಂದ ಹೋಗಂಗಿಲ್ಲ," ಎಂದ ಶಿವರಂಜನಿಗೆ.

ನಗುವ ಹುಡುಗಿ ಅವತ್ತು ನಗಲಿಲ್ಲ. "ಅಪ್ಪಾ, ಇವತ್ತು ಪತ್ರಿಕಿ ತೋರ್ಸಿ ನಿನ್ನ ಕಾಲೇಜು ಬಿಡಸ್ತಾರ. ನಾಳಿ ಮಾಂಗಲ್ಯ ತೋರ್ಸಿ ನನ್ನ ನೌಕರಿ ಬಿಡಸ್ತಾರ. ನೀ ಬಿಟ್ರ ನಾ ಯಾರ ಮಕಾ ನೋಡಿ ಹಟಾ ಹಿಡೀಲಿ? ಬಿಡಬ್ಯಾಡ. ಸಂತೋಷಗ ನಾ ಹೇಳ್ತೀನಿ."

ಅಂಬರಾಯ ಮಗಳ ಮುಖ ನೋಡಿದ. ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ದೇವರು ದೊಡ್ಡವನು. ಮರುದಿನ ಬೆಳಿಗ್ಗೆ ಗುಲಾಮ್ ರಸೂಲ್ ಸಾಹೇಬರ ಫೋನು ಬಂತು. "ಅಂಬರಾಯರ, ನಮ್ಮ ಕುರ್ಚಿ ಬಂದಾವ. ನಿಮ್ಮವು ಒಯ್ಯಬಹುದ್ರಿ."

ಮನೆಯಲ್ಲಿ ಹಬ್ಬವಾಯಿತು. ಉಮಾದೇವಿ ಕಣ್ಣೊರೆಸಿಕೊಂಡು, "ಸಾಕ್ಷಾತ್ ಬಸವಣ್ಣನೇ ಕುರ್ಚಿ ಕಳಸ್ಯಾನ! ಇನ್ನೇನದ, ಕುರ್ಚಿ ಕಾಯ್ಲಿಕ್ಕ ಹೋಗಿದ್ದೆ, ಕುರ್ಚಿ ತಂದೆ, ಮುಗೀತು ಅಂತ ಬೀಗರಿಗಿ ಹೇಳಿಬಿಡ್ರಿ. ಖರೇನೂ ಅದೇ ಅಲ್ಲೇನು?" ಎಂದಳು. ಮಜೀದನೂ ಬಂದು, "ಹೇಳಿಬಿಡು ಭಾಯ್. ನಿನ್ ಇಜ್ಜತ್ ಉಳೀತದ, ಅವರ ಇಜ್ಜತ್ತೂ ಉಳೀತದ," ಎಂದ.

ಇಲ್ಲಿ ಓದುಗರು ಸ್ವಲ್ಪ ನಿಂತು ನೋಡಬೇಕು. ನಿಜ ಹೇಳಿದರೆ ಮನುಷ್ಯ ಪಾರಾಗುವ ಪ್ರಸಂಗ ಜಗತ್ತಿನಲ್ಲಿ ಬಲು ಅಪರೂಪ. ಅಂಥ ಪ್ರಸಂಗ ಅಂಬರಾಯನ ಅಂಗಳಕ್ಕೆ ತಾನಾಗಿ ನಡೆದು ಬಂದಿತ್ತು. ಅವನು ಟೆಂಪೋ ತಗೊಂಡು ಹೋದ, ಕುರ್ಚಿಗಳನ್ನೆಲ್ಲ ಹೇರಿಸಿದ. ಎಲ್ಲ ಹೇರಿದ ಮೇಲೆ ಕೆಂಪು ಕುರ್ಚಿಯೊಂದು ಕೋಣೆಯ ನಡುವೆ ಒಂಟಿಯಾಗಿ ನಿಂತಿತ್ತು. ಅಂಬರಾಯ ಅದನ್ನು ನೋಡಿದ. ಆಮೇಲೆ ಜೇಬಿನಿಂದ ತಂತಿ ತೆಗೆದು ಅದರ ಕಾಲಿಗೆ ಇನ್ನೆರಡು ಸುತ್ತು ಸುತ್ತಿ, ಗೋಡೆಯ ಪಕ್ಕ ಇಟ್ಟು, ನೇರ ಕುಲಸಚಿವರ ಕೋಣೆಗೆ ನಡೆದ.

"ಸಾಹೇಬ್ರ, ನನ್ನ ಹೆಸರು ಹಚ್ಚಿಕೊಳ್ರಿ."

ಗುಲಾಮ್ ರಸೂಲ್ ಸಾಹೇಬರು ಕನ್ನಡಕ ತೆಗೆದರು. "ಯಾವುದಕ್ಕ್ರಿ?"

"ಕಲೀಲಿಕ್ಕ."

"ನೀವು ಪಿಯುಸಿ ಪಾಸ್ ಆಗೀರೇನು?"

"ಮೆಟ್ರಿಕ್ಕೇ ಆಗಿಲ್ರಿ."

"ಹಂಗಾರ ಡಿಗ್ರಿ ಕೊಡ್ಲಿಕ್ಕ ಆಗಂಗಿಲ್ಲ. ಕಾಯ್ದೆ ಇಲ್ಲ. ಬರೇ ಕುಂತು ಕೇಳಬಹುದು. ಸರ್ಟಿಫಿಕೇಟೂ ಇಲ್ಲ, ಮಾರ್ಕ್ಸೂ ಇಲ್ಲ. ಏನೂ ಸಿಗಂಗಿಲ್ಲ."

"ಪ್ರಶ್ನೆ ಕೇಳ್ತೀರಿಲ್ಲೋ?"

"ಅದು ಕೇಳ್ತೀವಿ."

"ಸಾಕ್ರಿ," ಎಂದ ಅಂಬರಾಯ. "ಕುರ್ಚಿ ನಂದೇ ಅದ."

ಉಮಾದೇವಿಗೆ ಇದನ್ನು ಹೇಳಿದಾಗ ಅವಳು ಹಣೆ ಹಣೆ ಬಡಿದುಕೊಂಡಳು. "ಡಿಗ್ರಿನೂ ಇಲ್ಲದ ಕಾಲೇಜಿಗಿ ಬೀಗರನ್ನ ಕಳಕೋತೀರೇನ್ರಿ?" ಮೂರು ಹೊತ್ತು ಮಾತು ಬಿಟ್ಟಳು. ಆದರೂ ಬೆಳಿಗ್ಗೆ ಡಬ್ಬಿ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದಳು, ಸಿಟ್ಟಿಗೆ ರೊಟ್ಟಿ ಸ್ವಲ್ಪ ಕಪ್ಪಾಗಿದ್ದವು.

ಆ ಬೆಳಿಗ್ಗೆಯೇ ಕಾಶೀನಾಥ ಮಾಸ್ತರರು ಎರಡನೆಯ ಬಾರಿ ಬಂದರು. ಈ ಸಲ ಮನೆಗೆ ಬರಲಿಲ್ಲ, ಸೀದಾ ವಾಡಿ ರಸ್ತೆಗೆ ಹೋಗಿ, ಪಾಠ ನಡೆಯುತ್ತಿದ್ದ ಕೋಣೆಯ ಬಾಗಿಲಲ್ಲಿ ಕೊಡೆ ಊರಿ ನಿಂತರು. ಸಂತೋಷಕುಮಾರ ರಾತ್ರಿಯಿಡೀ ಅಪ್ಪನೊಂದಿಗೆ ವಾದ ಮಾಡಿ, "ಅವರು ಅಲ್ಲಿ ಏನ್ ಮಾಡ್ತಾರ ಒಮ್ಮೆ ನೋಡಿ ಆಮ್ಯಾಲ ಮಾತಾಡು" ಎಂದಿದ್ದನಂತೆ. ಮಾಸ್ತರರು ನೋಡಲು ಬಂದಿದ್ದರು. ನೋಡಿ, ಕೈ ಹಿಡಿದು ಹೊರಗೆ ಎಳೆದುಕೊಂಡು ಹೋಗಲು ಬಂದಿದ್ದರು.

ಬೀಗರನ್ನು ಕಂಡದ್ದೇ ಅಂಬರಾಯ ತಟಕ್ಕನೆ ಎದ್ದ. ಸಿಟ್ಟೇ ಇರಲಿ, ಜಗಳವೇ ಇರಲಿ, ಬೀಗರು ನಿಂತು ತಾನು ಕೂರುವುದೆಂದರೆ ಏಳೂರಿಗೆ ಅಪಕೀರ್ತಿ. "ಬರ್ರಿ ಬೀಗರ, ಬರ್ರಿ, ಕುಂದ್ರಿ," ಎಂದು ಕೈ ತೋರಿಸಿದ. ತೋರಿಸಿದ ಮೇಲೆ ನೆನಪಾಯಿತು, ಹೊಸ ಕುರ್ಚಿಗಳೆಲ್ಲ ಭರ್ತಿ. ಖಾಲಿ ಇದ್ದದ್ದು ಒಂದೇ, ಅವನೆದ್ದ ಕೆಂಪು ಕುರ್ಚಿ.

ಮಾಸ್ತರರು ಅದರಲ್ಲಿ ಕೂತರು. ಅದೂ ಹೇಗೆ? ಹೆಡ್‌ಮಾಸ್ತರರು ಕೂರುವ ಹಾಗೆ, ನೆಟ್ಟಗೆ.

ಅಂಬರಾಯ ಮಿಂಚಿನಂತೆ ಹಿಂದೆ ಹೋಗಿ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಎತ್ತಿ ಹಿಡಿದು ನಿಂತ. ಬೀಗರಿಗೆ ಅದು ಮರ್ಯಾದೆಯಂತೆ ಕಂಡಿತು. ಹುಡುಗಿಯ ತಂದೆ ಬೆನ್ನ ಹಿಂದೆ ಕೈಕಟ್ಟಿದಂತೆ ನಿಂತಿದ್ದಾನೆ, ಇನ್ನೇನು ಬೇಕು? ಮಾಸ್ತರರ ಮುಖ ಸ್ವಲ್ಪ ಸಡಿಲಾಯಿತು. ಅಂಬರಾಯ ಹಿಡಿತ ಇನ್ನಷ್ಟು ಬಿಗಿ ಮಾಡಿದ.

ವಿಧಿಯ ಆಟ ನೋಡಿ, ಅವತ್ತಿನ ಪ್ರಶ್ನೆ ಗೌರವ ಎಂದರೇನು ಎಂಬುದೇ ಆಗಿತ್ತು. ಧಡೂತಿ ಹುಡುಗ, "ಗೌರವ ಹುದ್ದೆಗಿ ಇರ್ತದ್ರಿ. ಸ್ಟೇಜಿನ ಮ್ಯಾಲ ಯಾರಿಗಿ ದೊಡ್ಡ ಕುರ್ಚಿ ಹಾಕ್ತಾರೋ ಅವರಿಗೇ ಗೌರವ," ಎಂದ.

"ಶಾಬಾಸ್!" ಎಂದರು ಮಾಸ್ತರರು, ತಮ್ಮನ್ನು ಯಾರೂ ಕೇಳದಿದ್ದರೂ.

ಲುಂಬಿನಿ ಮೇಡಂ ಅಂಬರಾಯನ ಕಡೆ ತಿರುಗಿದರು. "ಅಂಬರಾಯರ, ನಿಮ್ಮದೂ ಅದೇ ಅಭಿಪ್ರಾಯ ಏನು?"

ಹುಡುಗರು ಆಗಲೇ ನಗಲು ತಯಾರಾಗಿದ್ದರು. ಉತ್ತರ ಎಲ್ಲರಿಗೂ ಬಾಯಿಪಾಠ. ಅಂಬರಾಯನ ನಾಲಗೆಯ ತುದಿಗೂ ಅದೇ ಬಂದಿತ್ತು. ಆದರೆ ಆ ಧಡೂತಿ ಹೇಳಿದ್ದು ಕುರ್ಚಿಯ ವಿಷಯ. ಕುರ್ಚಿಯ ವಿಷಯದಲ್ಲಿ ಅಂಬರಾಯನಿಗೆ ಮೊದಲ ಬಾರಿಗೆ ಬೇರೆ ಅಭಿಪ್ರಾಯವಿತ್ತು. ತೊಂದರೆ ಏನೆಂದರೆ, ಆ ಕೋಣೆಯ ನಿಯಮದ ಪ್ರಕಾರ ಒಪ್ಪುವವರು ಸುಮ್ಮನೆ ಹೇಳಬಹುದು, ಒಪ್ಪದವರು ಕೈ ಎತ್ತಬೇಕು. ಕೈ ಎರಡೂ ಬೀಗರನ್ನು ಹಿಡಿದಿದ್ದವು.

ಅಂಬರಾಯ ಬೀಗರ ತಲೆಯ ಮೇಲಿನ ಟೋಪಿ ನೋಡಿದ. ಅಚ್ಚಾಗದ ಪತ್ರಿಕೆ ಕಣ್ಣಮುಂದೆ ಬಂತು. ಅದರ ಹಿಂದೆ, 'ಬಿಡಬ್ಯಾಡ' ಎಂದ ಮಗಳ ಮುಖ ಬಂತು.

ಕೈ ಬಿಟ್ಟ. ಬಲಗೈ ಎತ್ತಿದ.

"ಅಲ್ರಿ! ನಂದು ಬ್ಯಾರೆ ಅಭಿಪ್ರಾಯ ಅದ! ಆ ದೊಡ್ಡ ಕುರ್ಚಿ ನನ್ನ ಅಂಗಡಿದು. ಮುಂಜಾನಿ ಮಂತ್ರಿ ಕುಂದುರ್ತಾನ, ಸಂಜಿಗಿ ಮದುಮಗ ಕುಂದುರ್ತಾನ, ಮರುದಿನ ಗೋದಾಮಿನಾಗ ಬೆಕ್ಕು ಮಕ್ಕೊಂಡಿರ್ತದ! ಅದರಾಗ ಏನ್ ಗೌರವ ಅದ? ಇಷ್ಟು ವರ್ಷ ಊರಿಗೆಲ್ಲ ಕುರ್ಚಿ ಹಾಕೀನಿ, ನನಗ ಯಾರೂ ಕೂಡು ಅಂದಿಲ್ಲ. ಇಲ್ಲಿ ಕುಂದ್ರಸಿ, ನೀ ಏನಂತೀಪಾ ಅಂತ ಕೇಳಿದ್ರು. ನನ್ನ ಪ್ರಕಾರ ಗೌರವ ಅಂದ್ರ ಅಷ್ಟೇ ರೀ! ಯಾರ್ ಏನರ ಅನ್ಲಿ, ನಾ ಇದನ್ನ ಬಿಡಂಗಿಲ್ಲ!"

ಮಾತು ಪೂರ್ತಿ ಮುಗಿಸಿಯೇ ಅವನು ಕೆಳಗೆ ನೋಡಿದ್ದು. ನಡುವೆಲ್ಲೋ 'ಚಟ್' ಎಂದು ಸದ್ದಾಗಿತ್ತು. ಕಾಶೀನಾಥ ಮಾಸ್ತರರು ಶಹಾಬಾದ ಕಲ್ಲಿನ ನೆಲದ ಮೇಲೆ, ಕೊಡೆ ಒಂದು ಕಡೆ ಟೋಪಿ ಒಂದು ಕಡೆ, ಕಾಲು ಚಾಚಿ ಕೂತಿದ್ದರು.

ಸಮ್ರೀನ್ ಮೊದಲು ಎದ್ದಳು, ಟೋಪಿ ಎತ್ತಿ ಮಾಸ್ತರರ ಕೈಗೆ ಕೊಟ್ಟಳು. ಎಲ್ಲರೂ ಮೇಲೆ ಕೂತು ಹಿರಿಯರೊಬ್ಬರೇ ಕೆಳಗೆ ಕೂರುವುದು ಅವಳಿಗೆ ಸರಿಕಾಣಲಿಲ್ಲವೇನೋ, ತಾನೂ ಅವರ ಪಕ್ಕ ನೆಲದ ಮೇಲೆ ಕೂತಳು. ಧಡೂತಿ ಹುಡುಗ ಕೂತ. ಒಬ್ಬೊಬ್ಬರೇ ಕುರ್ಚಿ ಬಿಟ್ಟು ಇಳಿದರು, ಅಂಬರಾಯನೂ ಬೀಗರ ಇನ್ನೊಂದು ಪಕ್ಕ ಕೂತ. ಕೊನೆಗೆ ಲುಂಬಿನಿ ಮೇಡಮ್ಮೂ ಸೆರಗು ಸಿಕ್ಕಿಸಿ ನೆಲದ ಮೇಲೆ ಕೂತು, ಏನೂ ಆಗಿಲ್ಲವೆಂಬಂತೆ, "ಮುಂದ ಹೇಳ್ರಿ, ಅಂಬರಾಯರ ಮಾತು ಯಾರು ಒಪ್ಪಂಗಿಲ್ಲ?" ಎಂದರು.

ಸಮ್ರೀನ್ ಕೈ ಎತ್ತಿದಳು. "ನಾ ಒಪ್ಪಂಗಿಲ್ಲ ಕಾಕಾ. ನಮ್ಮ ಅಕ್ಕಾನ್ನ ಲಗ್ನಕ್ಕ ನೋಡ್ಲಿಕ್ಕ ಬಂದವ್ರೂ ಕೂಡವ್ವಾ ಅಂದ್ರು, ಏನ್ ಅಡಗಿ ಬರ್ತದ ಅಂತ ಕೇಳಿದ್ರು. ಕುಂದ್ರಸಿ ಕೇಳಿದ ಮಾತ್ರಕ್ಕ ಅದು ಗೌರವ ಹ್ಯಾಂಗಾಯ್ತು?"

ಅಂಬರಾಯ ಅವಳ ಕಡೆ ತಿರುಗಿದ. "ಹೌದಲ್ಲವ್ವಾ! ಇದು ನನ್ನ ತಲಿಗೇ ಹೋಗಿರ್ಲಿಲ್ಲ!" ಎಂದು ತೊಡೆ ತಟ್ಟಿಕೊಂಡು ನಕ್ಕ. ತನ್ನ ಮಾತನ್ನು ಒಬ್ಬರು ಇಷ್ಟು ಶ್ರದ್ಧೆಯಿಂದ ಕೇಳಿ, ಬಿಚ್ಚಿ, ತಪ್ಪು ತೆಗೆದದ್ದು ಅವನಿಗೆ ಅಷ್ಟು ಖುಷಿಯಾಗಿತ್ತು.

ಮಗಳ ವಯಸ್ಸಿನ ಹುಡುಗಿ ಎದುರಾಡಿದ್ದು, ಅಂಬರಾಯ ಅದಕ್ಕೆ ನಕ್ಕದ್ದು, ಎರಡನ್ನೂ ಮಾಸ್ತರರು ನೆಲದಿಂದಲೇ ನೋಡಿದರು. ಸೊಂಟ ಒತ್ತಿಕೊಳ್ಳುತ್ತ, ಕುರ್ಚಿಯ ಮುರಿದ ಕಾಲನ್ನು ಕೈಗೆತ್ತಿಕೊಂಡು ತಂತಿಯ ಸುತ್ತು ಪರೀಕ್ಷಿಸಿದರು.

"ಬೀಗರ, ಈ ಕುರ್ಚಿ ಕಾಲು ಸೀಳಿದ್ದು ನಿಮಗ ಮೊದಲೇ ಗೊತ್ತಿತ್ತೇನು?"

ಸುಳ್ಳು ಹೇಳುವುದು ಯಾವಾಗಲಾದರೂ ಸರಿಯೇ? ಮೊದಲ ದಿನದ ಪ್ರಶ್ನೆ ಅಂಬರಾಯನಿಗೆ ನೆನಪಾಯಿತು.

"ಗೊತ್ತಿತ್ರಿ. ಮೂರು ತಿಂಗಳಿಂದ ದಿನಾ ನಾನೇ ಅದರ ಮ್ಯಾಲ ಕುಂತೀನಿ."

"ಇದರ ಮ್ಯಾಲ? ಮೂರು ತಿಂಗಳು?"

"ಎಡಕ್ಕ ವಾಲಿ ಕುಂದ್ರಬೇಕ್ರಿ."

ಮಾಸ್ತರರು ಕಾಲನ್ನೂ ನೋಡಿದರು, ಅಂಬರಾಯನನ್ನೂ ನೋಡಿದರು. "ಹಂಗಾರ ನೀವು ಬಿಡೋ ಪೈಕಿ ಅಲ್ಲ."

"ಅಲ್ರಿ. ಮಗಳ ಲಗ್ನನೂ ಬಿಡಂಗಿಲ್ಲ, ಕಾಲೇಜೂ ಬಿಡಂಗಿಲ್ಲ. ಪತ್ರಿಕಿನಾಗ ನನ್ನ ಹೆಸರಿನ ಕೆಳಗ ವಿದ್ಯಾರ್ಥಿ ಅಂತಲೇ ಹಾಕ್ಸ್ರಿ."

ಮಾಸ್ತರರು ಎದ್ದು ಹೋಗುತ್ತಾರೆಂದು ಎಲ್ಲರೂ ಕಾದರು. ಅವರು ಟೋಪಿ ಕೊಡವಿ ತಲೆಯ ಮೇಲಿಟ್ಟುಕೊಂಡರು, ಕೊಡೆ ಹತ್ತಿರಕ್ಕೆ ಎಳೆದುಕೊಂಡರು. ಆಗ ಲುಂಬಿನಿ ಮೇಡಂ ಅವರ ಕಡೆ ತಿರುಗಿ, ದಿನಾ ಕೇಳುವ ದನಿಯಲ್ಲೇ ಕೇಳಿದರು: "ನೀವು ಏನಂತೀರಿ ಸರ್? ನಿಮ್ಮ ಅಭಿಪ್ರಾಯ ಏನು?"

ಮಾಸ್ತರರು ಹಿಂದೆ ತಿರುಗಿ ನೋಡಿದರು. ಹಿಂದೆ ಗೋಡೆ ಮಾತ್ರ ಇತ್ತು. ಇಪ್ಪತ್ತು ಜೋಡಿ ಕಣ್ಣು ಅವರ ಬಾಯನ್ನೇ ನೋಡುತ್ತಿದ್ದವು. ಅವರು ಗಂಟಲು ಸರಿಮಾಡಿಕೊಂಡು, ಬಲು ಗಂಭೀರವಾಗಿ ಹೇಳಿದರು:

"ನಂದೂ ಅದೇ ಅಭಿಪ್ರಾಯ."

ಹುಡುಗರು ಗೊಳ್ಳೆಂದು ನಕ್ಕರು. ಅಂಬರಾಯ ನಗಲಿಲ್ಲ. ಆ ಮಾತಿಗೆ 'ನನಗೇನೂ ತಿಳೀಲಿಲ್ಲ, ಆದರ ಎದ್ದು ಹೋಗಂಗಿಲ್ಲ' ಎಂಬುದೇ ಅರ್ಥವೆಂದು ಅಲ್ಲಿದ್ದವರಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಅವನು ಮೆಲ್ಲಗೆ ಸರಿದು, ಬೀಗರ ಬೆನ್ನಿಗೆ ಗೋಡೆ ಸಿಗುವಂತೆ ಜಾಗ ಮಾಡಿಕೊಟ್ಟ.